ಗಲ್ಫ್‌ನಿಂದ ಬಂದ ನಾಣ್ಯದ ಡಬ್ಬ: ಯಾವುದಕ್ಕೆ ಈಗ ಬೆಲೆ ಇದೆ?

ಬದಿಯಡ್ಕದ ಅಣ್ಣ, ನಿಮ್ಮ ಪ್ರಶ್ನೆ ನೋಡಿದೆ. ದುಬೈಯಲ್ಲಿದ್ದ ಮಾವನ ಡಬ್ಬದಲ್ಲಿ ಎರಡು ಕಿಲೋದಷ್ಟು ವಿದೇಶಿ ನಾಣ್ಯ ಸಿಕ್ಕಿದೆ, ಈಗ ರೇಟು ಏರಿದೆಯಂತೆ, ಒಟ್ಟಿಗೆ ಕೊಟ್ಟುಬಿಡಲೇ ಅಂತ ಕೇಳಿದ್ದೀರಿ. ಒಟ್ಟಿಗೆ ಮಾತ್ರ ಕೊಡಬೇಡಿ. ಬೆಲೆ ಏರಿದ್ದು ನಿಜ, ಆದರೆ ಎಲ್ಲದಕ್ಕೂ ಅಲ್ಲ. ಮೊದಲು ಬೇರೆ ಬೇರೆ ಮಾಡಿ.

ಡಬ್ಬದಲ್ಲಿ ಜಾಸ್ತಿ ಇರುವುದು ಯುಎಇಯ 25, 50 ಫಿಲ್ಸ್, ಸೌದಿಯ ಹಲಾಲ, ಇಂಥ ಚಿಲ್ಲರೆ ಪೈಸೆಗಳೇ ಇರಬಹುದು. ನಮ್ಮ ಕಾಸರಗೋಡಿನಲ್ಲಿ ಗಲ್ಫ್‌ಗೆ ಹೋದವರ ಮನೆಯಲ್ಲೆಲ್ಲ ಇವು ಸಿಗುತ್ತವೆ. ಕೊಳ್ಳುವವರು ಇವನ್ನು ಕಿಲೋ ಲೆಕ್ಕದಲ್ಲೇ ಕೇಳುತ್ತಾರೆ. ಚಲಾವಣೆಯಲ್ಲಿರುವ ದಿರ್ಹಮ್ ಇದ್ದರೆ ದುಬೈಗೆ ಹೋಗುವ ನೆಂಟರ ಕೈಗೆ ಕೊಡಿ, ಅದೇ ಲಾಭ.

ಬೆಲೆ ಏರಿದ್ದು ಮುಖ್ಯವಾಗಿ ಬೆಳ್ಳಿಯದ್ದು. 2025ರಲ್ಲಿ ಬೆಳ್ಳಿ ಕಿಲೋಗೆ ಒಂದು ಲಕ್ಷ ರೂಪಾಯಿ ಮೀರಿ ತುಂಬಾ ಏರಿತು. ಹಾಗಾಗಿ ಸವೆದ ಸಾಮಾನ್ಯ ಬೆಳ್ಳಿ ನಾಣ್ಯಕ್ಕೂ ಈಗ ಲೋಹದ ಬೆಲೆಯೇ ದೊಡ್ಡದು. ಇಸವಿ ನೋಡಿ ಗುರುತಿಸಬಹುದು. ಬ್ರಿಟನ್ನಿನ ಶಿಲ್ಲಿಂಗ್, ಫ್ಲೋರಿನ್‌ಗಳು 1919ರವರೆಗೆ 92.5 ಶೇಕಡಾ ಬೆಳ್ಳಿ, 1920ರಿಂದ 1946ರವರೆಗೆ ಅರ್ಧ ಬೆಳ್ಳಿ, 1947ರಿಂದ ಬೆಳ್ಳಿಯೇ ಇಲ್ಲ. ಅಮೆರಿಕದ ಡೈಮ್ (10 ಸೆಂಟ್), ಕ್ವಾರ್ಟರ್‌ (25 ಸೆಂಟ್) ನಾಣ್ಯಗಳಲ್ಲಿ 1964 ಮತ್ತು ಅದಕ್ಕಿಂತ ಹಿಂದಿನ ಇಸವಿ ಇದ್ದರೆ ತೆಗೆದಿಡಿ, 90 ಶೇಕಡಾ ಬೆಳ್ಳಿ. ಐದನೇ ಜಾರ್ಜ್ ರಾಜನ ನಮ್ಮ ಒಂದು ರೂಪಾಯಿ ಸೇರಿಕೊಂಡಿದ್ದರೆ ಅದರಲ್ಲಿ ಹತ್ತೂವರೆ ಗ್ರಾಂಗಿಂತ ಜಾಸ್ತಿ ಶುದ್ಧ ಬೆಳ್ಳಿ ಇದೆ. ಮಾರುವ ದಿನದ ಗ್ರಾಂ ರೇಟು ನೋಡದೆ ಯಾರಿಗೂ ಹೂಂ ಅನ್ನಬೇಡಿ. ಡೀಲರ್ ಹಳೇ ರೇಟಲ್ಲಿ ಕೇಳಿದರೆ ವಾಪಸ್ ತನ್ನಿ.

ಅರಬ್ ಕಡೆಯಿಂದ ಬಂದ ಡಬ್ಬಗಳಲ್ಲಿ ಕೆಲವೊಮ್ಮೆ ದಪ್ಪ ಹೆಂಗಸಿನ ಮುಖದ ದೊಡ್ಡ ಬೆಳ್ಳಿ ನಾಣ್ಯ ಇರುತ್ತದೆ, ಇಸವಿ 1780. ಆಸ್ಟ್ರಿಯಾದ ಮರಿಯಾ ಥೆರೇಸಾ ಥಾಲರ್ ಅದು. ಯೆಮನ್, ಒಮಾನ್, ಇಥಿಯೋಪಿಯಾ ಕಡೆ ವ್ಯಾಪಾರಿಗಳು ಇದನ್ನೇ ನಂಬುತ್ತಿದ್ದರು. ಅದಕ್ಕೇ ರಾಣಿ ತೀರಿಕೊಂಡ ಮೇಲೂ ಅದೇ ಇಸವಿ ಹಾಕಿ 20ನೇ ಶತಮಾನದವರೆಗೂ ಬೇರೆ ಬೇರೆ ದೇಶಗಳಲ್ಲಿ ಅಚ್ಚು ಹಾಕಿದರು. ಹೆಚ್ಚಿನವು ಮರು ಅಚ್ಚು, ಬೆಳ್ಳಿಯ ಬೆಲೆಗಿಂತ ಸ್ವಲ್ಪ ಮೇಲೆ ಹೋಗುತ್ತವೆ ಅಷ್ಟೇ. ತೂಕ 28 ಗ್ರಾಂ ಚಿಲ್ಲರೆ ಇರಬೇಕು. ತುಂಬ ಕಮ್ಮಿ ಬಂದರೆ, ಅಥವಾ ಅಯಸ್ಕಾಂತಕ್ಕೆ ಅಂಟಿದರೆ, ನಕಲಿ.

ನನಗೆ ನಿಜವಾಗಿ ಆಸೆ ಹುಟ್ಟಿಸುವ ಭಾಗ ಇನ್ನೊಂದು. ಒಂದು ದೇಶದ ಜನರ ಕೈಗೆ ದುಡ್ಡು ಬಂದಾಗ ಅವರು ತಮ್ಮದೇ ದೇಶದ ಹಳೇ ನಾಣ್ಯ ಹುಡುಕುತ್ತಾರೆ, ಬೆಲೆ ಏರುತ್ತದೆ. ಚೀನಾದ ಬೆಳ್ಳಿ ಡಾಲರ್‌ಗಳಿಗೆ ಹಾಗೇ ಆಯಿತು, ಹಿಂದೆಯೇ ನಕಲಿಗಳ ರಾಶಿ ಬಂತು. ಗಲ್ಫ್‌ನ ಹಳೇ ವಸ್ತುಗಳನ್ನೂ ಆ ಕಣ್ಣಿಂದ ನೋಡಿ. ಯುಎಇ ದಿರ್ಹಮ್ ಬಂದದ್ದು 1973ರಲ್ಲಿ. ಅದಕ್ಕೆ ಮುಂಚೆ 1966ರಲ್ಲಿ ಖತರ್ ಮತ್ತು ದುಬೈ ಒಟ್ಟಿಗೆ ಹೊರಡಿಸಿದ ಜಿಂಕೆ ಚಿತ್ರದ ನಾಣ್ಯಗಳು ಸಿಕ್ಕರೆ ಬೇರೆ ಇಡಿ. ಇನ್ನೂ ಹಿಂದೆ ಅಲ್ಲಿ ನಡೆಯುತ್ತಿದ್ದದ್ದು ನಮ್ಮ ರೂಪಾಯಿ. 1959ರಲ್ಲಿ ಗಲ್ಫ್‌ಗೆಂದೇ ಬೇರೆ ಬಣ್ಣದ ನೋಟು ಬಂತು, ನಂಬರ್ ಶುರುವಾಗುವುದು ಇಂಗ್ಲಿಷಿನ ಝೆಡ್ ಅಕ್ಷರದಿಂದ. ಡಬ್ಬದ ತಳದಲ್ಲಿ ಕೆಂಪು ಬಣ್ಣದ ಅಂಥ ಹತ್ತು ರೂಪಾಯಿ ನೋಟು ಮಡಚಿಟ್ಟಿದ್ದರೆ, ಉಳಿದ ಎರಡು ಕಿಲೋಗಿಂತ ಅದೊಂದೇ ಜಾಸ್ತಿ ಬೆಲೆ ಬಾಳಬಹುದು. ಮಾವನ ಹಳೇ ಪಾಸ್‌ಪೋರ್ಟ್, ಪರ್ಸ್‌ಗಳನ್ನೂ ಒಮ್ಮೆ ತೆರೆದು ನೋಡಿ.

ದಯವಿಟ್ಟು ಯಾವುದನ್ನೂ ಹುಣಸೆಹುಳಿ, ಬೂದಿ ಹಾಕಿ ತಿಕ್ಕಬೇಡಿ. ಹೊಳಪು ಬರುತ್ತದೆ, ಬೆಲೆ ಹೋಗುತ್ತದೆ. ಈಗ ಒಳ್ಳೇ ಸ್ಥಿತಿಯ ನಾಣ್ಯಕ್ಕೂ ತಿಕ್ಕಿದ್ದಕ್ಕೂ ಬೆಲೆಯ ಅಂತರ ತುಂಬಾ ಇದೆ. ನಮ್ಮ ಮಳೆಗಾಲದ ತೇವಕ್ಕೆ ಅಗ್ಗದ ಪಿವಿಸಿ ಕವರ್‌ನಲ್ಲಿಟ್ಟರೆ ಹಸಿರು ಹಿಡಿಯುತ್ತದೆ. ಕಾಗದದ ಕವರ್‌ನಲ್ಲಿಟ್ಟು, ಡಬ್ಬಕ್ಕೆ ತೇವ ಹೀರುವ ಸಿಲಿಕಾ ಜೆಲ್ ಹಾಕಿ.

ಇನ್ನೆರಡು ಮಾತು. ನೂರು ವರ್ಷ ದಾಟಿದ ನಾಣ್ಯ 1972ರ ಕಾನೂನಿನ ಪ್ರಕಾರ ಪುರಾತನ ವಸ್ತು. ಗಲ್ಫ್‌ನಲ್ಲಿ ಗಿರಾಕಿ ಇದ್ದಾರೆ ಅಂತ ಅಂಥದ್ದನ್ನು ಇಲ್ಲಿಂದ ಕಳಿಸಬೇಡಿ. ಮತ್ತೆ, ಲಕ್ಷ ಕೊಡುತ್ತೇವೆ, ಮೊದಲು ಟ್ಯಾಕ್ಸ್ ಕಟ್ಟಿ ಅಂತ ರಿಸರ್ವ್ ಬ್ಯಾಂಕಿನ ಹೆಸರಲ್ಲಿ ಫೋನ್ ಬಂದರೆ ಇಟ್ಟುಬಿಡಿ. ಅದು ಮೋಸ ಅಂತ ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಸಿದೆ.

ಬೆಳ್ಳಿ ಅನಿಸಿದ್ದನ್ನೆಲ್ಲ ಅಡಿಗೆಮನೆ ತಕ್ಕಡಿಯಲ್ಲಲ್ಲ, ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿ. ಎರಡೂ ಮುಖದ ಫೋಟೋ, ತೂಕ, ಇಸವಿ ಇಲ್ಲೇ ಹಾಕಿ. ಅರಬಿ ಅಂಕಿ ಓದಲು ಬಾರದಿದ್ದರೂ ಚಿಂತೆಯಿಲ್ಲ, ನಾನು ಓದಿ ಹೇಳುತ್ತೇನೆ.