ಟ್ರಾನ್ಸ್‌ಫಾರ್ಮರ್ ಸದ್ದನ್ನು ಸ್ಪೀಕರ್ ಇಟ್ಟು ಅಡಗಿಸಬಹುದಾ?

ಗಂಗಾವತಿಯ ರೈಸ್‌ಮಿಲ್ ಪಕ್ಕ ಮನೆ, ಟ್ರಾನ್ಸ್‌ಫಾರ್ಮರ್ ಸದಾ ಗುಂಯ್ ಅನ್ನುತ್ತದೆ, ಎದುರು ಸ್ಪೀಕರ್ ಇಟ್ಟರೆ ನಿಲ್ಲುತ್ತದಾ ಅಂತ ಕೇಳಿದ್ದೀರಿ. ಒಂದು ಕಿಟಕಿಯ ಮಟ್ಟಿಗೆ ಆಗಬಹುದು, ಇಡೀ ಓಣಿಗೆ ಕಷ್ಟ.

ನಮ್ಮ ಕರೆಂಟ್ 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಸುತ್ತು. ಸುತ್ತಿಗೆ ಎರಡು ಸಲದಂತೆ ಟ್ರಾನ್ಸ್‌ಫಾರ್ಮರ್ ಒಳಗಿನ ಕಬ್ಬಿಣದ ಕೋರ್ (ತಿರುಳು) ಸೆಕೆಂಡಿಗೆ 100 ಸಲ ಹಿಗ್ಗಿ ಕುಗ್ಗುತ್ತದೆ, ಜೊತೆಗೆ ಅದನ್ನು ಸುತ್ತಿದ ಟ್ಯಾಂಕಿನ ಗೋಡೆಯೂ ನಡುಗುತ್ತದೆ. ಈ ಸದ್ದಿನ ಅಲೆ ಸುಮಾರು 3.4 ಮೀಟರ್ ಉದ್ದ, ಒಂದೇ ಸಮನೆ ಬರುತ್ತದೆ. ಹಾಗಾಗಿ ಅದನ್ನು ಅಳಿಸುವ ತದ್ವಿರುದ್ಧ ಅಲೆಯನ್ನು ಸ್ಪೀಕರ್‌ನಿಂದ ಹುಟ್ಟಿಸುವುದು ಸುಲಭ. 1956ರಲ್ಲೇ ಅಮೆರಿಕದ ಎಂಜಿನಿಯರ್ ವಿಲಿಯಂ ಕಾನೋವರ್ ಇದನ್ನು ಮಾಡಿ ನೋಡಿದ್ದರು. ಆದರೆ ಒಂದು ದಿಕ್ಕಿನಲ್ಲಿ ತಗ್ಗಿದ ಸದ್ದು ಇನ್ನೊಂದು ಕಡೆ ಜಾಸ್ತಿಯಾಗಬಹುದು. ಪಕ್ಕದ ಮನೆಯವರು ಸುಮ್ನಿರ್ತಾರಾ?

ಅದಕ್ಕಿಂತ ಟ್ಯಾಂಕಿನ ಗೋಡೆಗೇ ಪುಟ್ಟ ಕಂಪಕಗಳನ್ನು (ಎದುರು ನಡುಕ ಹುಟ್ಟಿಸುವ ಸಾಧನಗಳನ್ನು) ಕೂರಿಸಿ ನಡುಕವನ್ನೇ ಹದ್ದುಬಸ್ತಿಗೆ ತರುವುದು ಜಾಣತನ. ನಡುಕ ಪೂರ್ತಿ ನಿಲ್ಲಬೇಕಿಲ್ಲ, ಸದ್ದಾಗಿ ಹೊರಬೀಳುವ ಭಾಗ ತಗ್ಗಿದರೆ ಸಾಕು. ಅದು ಮಾತ್ರ ನೀವು ಕೈ ಹಾಕುವ ಕೆಲಸವಲ್ಲ.