ಆತ್ಮ ಇಲ್ಲ ಅಂದ್ರೆ ನಿಸ್ವಾರ್ಥ ಎಲ್ಲಿಂದ ಬರುತ್ತೆ ಅಂತ ಕೇಳಿದ್ರಲ್ಲ
ಸರ್, ದೇವ್ರನ್ನ ನಂಬಲ್ಲ ಆದ್ರೂ ಆತ್ಮ ಇರಬಹುದಾ ಅನ್ನೋ ಡೌಟ್ ಹೋಗಿಲ್ಲ, ಅದಿಲ್ಲ ಅಂದ್ರೆ ಒಳ್ಳೇದು ಮಾಡೋದೆಲ್ಲ ಬರೀ ನಮ್ಮ ಖುಷಿಗೇನಾ ಅಂದ್ರಿ. ನಾನು ಕೋಲಾರದವ್ನು, ನಾನೂ ನಂಬಲ್ಲ, ಇದೇ ಡೌಟ್ ನನಗೂ ಬಹಳ ದಿನ ಕಾಡಿದೆ.

ನಮ್ಮಪ್ಪಂಗೆ ಆಪರೇಷನ್ ಆದಾಗ ಬ್ಲಡ್ ಬೇಕಿತ್ತು, ಟಮಾಟೊ ಮಂಡೀಲಿ ಹಮಾಲಿ ಮಾಡೋರೊಬ್ರು ಲೋಡ್ ಇಳಿಸಿ ಹಂಗೇ ಬಂದು ಕೊಟ್ರು, ಮೊಣಕೈಗೆ ಹತ್ತಿ ಒತ್ಕೊಂಡು ಜ್ಯೂಸ್ ಕುಡಿದು ಹೊರಟೇ ಹೋದ್ರು, ಹೆಸ್ರೂ ಹೇಳ್ಲಿಲ್ಲ. ಅವ್ರ ಮನಸ್ಸಿಗೂ ಹಿತ ಅನ್ಸಿರುತ್ತೆ, ಅನ್ಸಲಿ ಬಿಡಿ, ಆದ್ರೆ ಇನ್ನೊಬ್ರ ಮೇಲೆ ಕಾಳಜಿ ಮೊದ್ಲೇ ಇಲ್ದಿದ್ರೆ ಆ ಹಿತಾನಾದ್ರೂ ಹೆಂಗೆ ಬರುತ್ತೆ?

ನಮ್ಮ ಕಡೆಯವ್ರೇ, ಗೌರಿಬಿದನೂರು ಹೊಸೂರಿನ ಎಚ್. ನರಸಿಂಹಯ್ಯನವ್ರು, ದೊಡ್ಡ ವಿಚಾರವಾದಿ, ಬೆಂಗಳೂರು ವಿವಿ ಕುಲಪತಿ ಆಗಿದ್ದಾಗ 1976ರಲ್ಲಿ ಪವಾಡ ಪರೀಕ್ಷೆಗೆ ಸಮಿತಿನೇ ಮಾಡಿದ್ರು. ಮದ್ವೆ ಆಗ್ಲಿಲ್ಲ, ನ್ಯಾಷನಲ್ ಕಾಲೇಜ್ ಹಾಸ್ಟೆಲ್ ರೂಮಲ್ಲೇ ಇದ್ಕೊಂಡು ಮಕ್ಕಳ ಓದಿಗೇ ಜೀವನ ಕೊಟ್ರು, ಅದು ಪುಣ್ಯದ ಲೆಕ್ಕ ಅಂತೂ ಅಲ್ಲ. ಬುದ್ಧನೂ ಅನಾತ್ಮ, ಅಂದ್ರೆ ಶಾಶ್ವತವಾದ ಆತ್ಮ ಅನ್ನೋದಿಲ್ಲ, ಅಂತಾನೇ ಹೇಳಿ ಕರುಣೆ ಕಲಿಸಿದ್ದು.

ಆತ್ಮದ ಡೌಟ್ ಇದ್ರೆ ಇರ್ಲಿ ಸರ್. ನಾನಂತೂ ಅವತ್ತಿಂದ ಮೂರ್ನಾಕು ತಿಂಗಳಿಗೊಂದ್ಸಲ ಬ್ಲಡ್ ಕೊಡ್ತಾ ಇದೀನಿ.