ಟಿಕ್ ಟಿಕ್ ಎನ್ನುವ ಹಳೆಯ ಟಿ.ವಿ.

ಪ್ರಶ್ನೆ: ನಮ್ಮ ಮನೆಯಲ್ಲಿ 21 ಇಂಚಿನ, ಪಿಕ್ಚರ್ ಟ್ಯೂಬ್ ಇರುವ ಹಳೆಯ ಕಲರ್ ಟಿ.ವಿ. ಇದೆ. ಸೆಟ್‌ಟಾಪ್ ಬಾಕ್ಸ್ ಜೋಡಿಸಿಕೊಂಡು ನನ್ನ ತಾಯಿಯವರು ಇಂದಿಗೂ ಅದನ್ನೇ ನೋಡುತ್ತಾರೆ. ಗುಡುಗು-ಮಳೆ ಬಂದು ಹೋದ ಮರುದಿನದಿಂದ ಸ್ವಿಚ್ ಹಾಕಿದರೆ ಒಳಗಿನಿಂದ ಟಿಕ್ ಟಿಕ್ ಎಂಬ ಸದ್ದು ಬರುತ್ತದೆ, ಆ ಸದ್ದಿಗೆ ತಕ್ಕಂತೆ ಕೆಂಪು ದೀಪ ಮಿನುಗುತ್ತದೆ, ಚಿತ್ರವಿಲ್ಲ. ಮೆಕ್ಯಾನಿಕ್ ಒಬ್ಬರು ನೋಡಿ, ಪವರ್ ಸಪ್ಲೈ ಹೋಗಿದೆ, ಹೊಸ ಎಸ್‌ಎಂಪಿಎಸ್ ಮಾಡ್ಯೂಲ್ (ಪವರ್ ಸಪ್ಲೈಯ ಬೋರ್ಡು) ಹಾಕಿಸಿ, ಇಲ್ಲವೇ ಗುಜರಿಗೆ ಕೊಡಿ ಎಂದರು. ನಾನು ಐಟಿಐನಲ್ಲಿ ಎಲೆಕ್ಟ್ರಾನಿಕ್ಸ್ ಓದಿದ್ದೇನೆ, ಬೆಸುಗೆ ಹಾಕಲು ಬರುತ್ತದೆ, ಮಲ್ಟಿಮೀಟರ್ ಇದೆ. ನಾನೇ ಪ್ರಯತ್ನಿಸಬಹುದೇ?
ಓದುಗರು, ಪಾಂಡವಪುರ

ಉತ್ತರ: ಪ್ರಯತ್ನಿಸಬಹುದು. ಸದ್ದು ಬರುತ್ತಿದೆ ಎಂಬುದೇ ಪವರ್ ಸಪ್ಲೈ ಪೂರ್ತಿ ಕೆಟ್ಟಿಲ್ಲ ಎಂಬುದಕ್ಕೆ ಸಾಕ್ಷಿ. ಮನೆಗೆ ಬರುವ 230 ವೋಲ್ಟ್ ಎ.ಸಿ. ವಿದ್ಯುತ್ತು ಫ್ಯೂಸ್ ದಾಟಿ, ನಾಲ್ಕು ಡಯೋಡುಗಳ ಬ್ರಿಜ್‌ನಲ್ಲಿ ಡಿ.ಸಿ. ಆಗಿ, ದೊಡ್ಡ ಫಿಲ್ಟರ್ ಕೆಪಾಸಿಟರ್‌ನಲ್ಲಿ ಸುಮಾರು 320 ವೋಲ್ಟಿಗೆ ನಿಲ್ಲುತ್ತದೆ. ಸ್ವಿಚಿಂಗ್ ಟ್ರಾನ್ಸಿಸ್ಟರ್ ಅಥವಾ ಐ.ಸಿ. ಅದನ್ನು ಸೆಕೆಂಡಿಗೆ ಸಾವಿರಾರು ಸಲ ತಡೆದು ಬಿಡುತ್ತಾ ಚಿಕ್ಕ ಫೆರೈಟ್ ಟ್ರಾನ್ಸ್‌ಫಾರ್ಮರ್‌ಗೆ ಕೊಡುತ್ತದೆ. ಅದರ ಇನ್ನೊಂದು ಬದಿಯಲ್ಲಿ, ಇಂಥ ಸೆಟ್ಟುಗಳ ಲೈನ್ ಭಾಗಕ್ಕೆ (ಚಿತ್ರದ ಅಡ್ಡ ಗೆರೆಗಳನ್ನು ಎಳೆಯುವ ಭಾಗ) ಬೇಕಾದ ಸಾಮಾನ್ಯವಾಗಿ 110ರಿಂದ 115 ವೋಲ್ಟ್ ಮತ್ತು ಧ್ವನಿ ಮುಂತಾದ ಭಾಗಗಳಿಗೆ ಬೇಕಾದ ಕಡಿಮೆ ವೋಲ್ಟೇಜುಗಳು ಸಿಗುತ್ತವೆ. ಆ ಬದಿಯಲ್ಲಿ ಎಲ್ಲಿಯಾದರೂ ಶಾರ್ಟ್ ಆಗಿದ್ದರೆ, ಅತಿಯಾಗಿ ಹರಿಯುವ ಕರೆಂಟನ್ನು ಗುರುತಿಸಿ ಸಪ್ಲೈ ತಾನಾಗಿಯೇ ನಿಲ್ಲುತ್ತದೆ, ಕ್ಷಣ ಬಿಟ್ಟು ಮತ್ತೆ ಹೊರಡುತ್ತದೆ, ಮತ್ತೆ ನಿಲ್ಲುತ್ತದೆ. ನಿಮಗೆ ಕೇಳುತ್ತಿರುವ ಟಿಕ್ ಟಿಕ್ ಇದೇ ಆಗಿರುವ ಸಂಭವ ಹೆಚ್ಚು. ಹಾಗಿದ್ದಲ್ಲಿ ಹೊಸ ಮಾಡ್ಯೂಲ್ ಹಾಕಿದರೂ ದೋಷ ಅಲ್ಲೇ ಉಳಿಯುತ್ತದೆ, ಹಣ ಮಾತ್ರ ಹೋಗುತ್ತದೆ. ಆದ್ದರಿಂದ ತಪ್ಪು ಸಪ್ಲೈಯಲ್ಲಿದೆಯೋ ಅದು ಹೊರುವ ಭಾರದಲ್ಲಿದೆಯೋ ಎಂಬುದನ್ನು ಮೊದಲು ಬೇರ್ಪಡಿಸಿ ನೋಡಬೇಕು. ಅಲ್ಲಿಯವರೆಗೆ ಏನನ್ನೂ ಕೊಳ್ಳಬೇಡಿ.

ಬಿಚ್ಚುವ ಮೊದಲು ಒಂದು ಮಾತನ್ನು ದಯವಿಟ್ಟು ಗಟ್ಟಿಯಾಗಿ ನೆನಪಿಡಿ. ಓಡುತ್ತಿರುವ ಸೆಟ್ಟಿಗಿಂತ ಓಡದ ಸೆಟ್ಟು ಒಂದು ವಿಷಯದಲ್ಲಿ ಹೆಚ್ಚು ಅಪಾಯಕಾರಿ. ಸಪ್ಲೈ ಓಡುತ್ತಿದ್ದರೆ ಪ್ಲಗ್ ಕಿತ್ತ ಕೂಡಲೇ ದೊಡ್ಡ ಕೆಪಾಸಿಟರ್‌ನ ಚಾರ್ಜು ಖರ್ಚಾಗಿಬಿಡುತ್ತದೆ; ಓಡದಿದ್ದರೆ ಆ 320 ವೋಲ್ಟ್ ಬಹಳ ಹೊತ್ತು ಅಲ್ಲೇ ಕುಳಿತಿರುತ್ತದೆ. ಸ್ಕ್ರೂಡ್ರೈವರ್‌ನಿಂದ ಅದರ ಕಾಲುಗಳನ್ನು ಶಾರ್ಟ್ ಮಾಡುವ ಅಭ್ಯಾಸ ಕೆಲವರಿಗಿದೆ. ಅದು ಕಣ್ಣಿಗೂ ಬೋರ್ಡಿಗೂ ಕೇಡು. ಪ್ಲಗ್ ಕಿತ್ತ ಮೇಲೆ, ಕಾಲುಗಳಿಗೆ ಚೆನ್ನಾಗಿ ಕವಚ ಹಾಕಿದ 2 ಕಿಲೋ ಓಂ, 10 ವ್ಯಾಟ್‌ನ ವೈರ್‌ವೌಂಡ್ ರೆಸಿಸ್ಟರನ್ನು ಕೆಲವು ಸೆಕೆಂಡು ಹಿಡಿದು ಚಾರ್ಜನ್ನು ಇಳಿಸಿ, ಬಳಿಕ ಮಲ್ಟಿಮೀಟರ್‌ನಲ್ಲಿ ಅಳೆದು ಖಚಿತಪಡಿಸಿಕೊಳ್ಳಿ. ಪಿಕ್ಚರ್ ಟ್ಯೂಬಿನ ಬೆನ್ನಿಗೆ ಅಂಟಿಕೊಂಡಿರುವ ರಬ್ಬರ್ ಟೋಪಿಯನ್ನು ಮುಟ್ಟಲೇಬೇಡಿ. ಸೆಟ್ಟು ನಡೆಯುವಾಗ ಅಲ್ಲಿ 20,000 ವೋಲ್ಟಿಗೂ ಮಿಕ್ಕ ಒತ್ತಡವಿರುತ್ತದೆ, ಆಫ್ ಮಾಡಿದ ಮೇಲೂ ಅದರ ಒಂದು ಪಾಲು ಉಳಿದಿರುತ್ತದೆ. ಟ್ಯೂಬಿನ ಕುತ್ತಿಗೆಗೂ ಏಟು ತಾಗದಿರಲಿ.

ಮೊದಲು ನೋಡಬೇಕಾದದ್ದು ಲೈನ್ ಔಟ್‌ಪುಟ್ ಟ್ರಾನ್ಸಿಸ್ಟರ್. ಪಿಕ್ಚರ್ ಟ್ಯೂಬಿಗೆ ಭಾರೀ ವೋಲ್ಟೇಜ್ ಕೊಡುವ ಇಎಚ್‌ಟಿ ಟ್ರಾನ್ಸ್‌ಫಾರ್ಮರ್‌ನ ಪಕ್ಕದಲ್ಲಿ ದೊಡ್ಡ ಹೀಟ್‌ಸಿಂಕ್‌ಗೆ ಸ್ಕ್ರೂ ಹಾಕಿ ಕೂರಿಸಿರುತ್ತಾರೆ. ಅದನ್ನು ಬೋರ್ಡಿನಿಂದ ಬಿಚ್ಚಿ ಕಲೆಕ್ಟರ್ ಮತ್ತು ಎಮಿಟರ್ ನಡುವೆ ಅಳೆಯಿರಿ. ಒಳಗೇ ಡಯೋಡ್ ಇರುವ ಬಗೆಯದಾದರೆ ಒಂದು ದಿಕ್ಕಿನಲ್ಲಿ ಡಯೋಡಿನಂತೆ ತೋರಿಸುವುದು ಸಹಜ. ಎರಡೂ ದಿಕ್ಕಿನಲ್ಲಿ ಬೀಪ್ ಬಂದರೆ ಅದು ಶಾರ್ಟ್. 115 ವೋಲ್ಟ್ ಲೈನಿಗೂ ಗ್ರೌಂಡಿಗೂ ನಡುವೆ ರಕ್ಷಣೆಗೆಂದು ಹಾಕಿರುವ ಡಯೋಡ್ ಇದ್ದರೆ ಅದನ್ನೂ ಅಳೆಯಿರಿ. ವೋಲ್ಟೇಜ್ ಏರಿದಾಗ ಉಳಿದ ಭಾಗವನ್ನು ಕಾಯಲು ತಾನು ಶಾರ್ಟ್ ಆಗುವುದೇ ಅದರ ಕೆಲಸ, ಆದ್ದರಿಂದ ಅದನ್ನು ಕಿತ್ತು ಹಾಗೆಯೇ ಸೆಟ್ ಓಡಿಸುವುದು ತಪ್ಪು.

ಲೈನ್ ಟ್ರಾನ್ಸಿಸ್ಟರ್ ಬಿಚ್ಚಿರುವಾಗಲೇ, ಅದರ ಬದಲು 115 ವೋಲ್ಟ್ ಲೈನಿಗೂ ಸೆಕೆಂಡರಿ (ಫೆರೈಟ್ ಟ್ರಾನ್ಸ್‌ಫಾರ್ಮರ್‌ನ ಇನ್ನೊಂದು ಬದಿಯ) ಗ್ರೌಂಡಿಗೂ ನಡುವೆ 60 ವ್ಯಾಟ್‌ನ ಹಳೆಯ ತಂತಿ ಬಲ್ಬನ್ನು ಭಾರವಾಗಿ ಜೋಡಿಸಿ. ಭಾರವಿಲ್ಲದೆ ಬರಿದೇ ಓಡಿಸಿದರೆ ಕೆಲವು ಸಪ್ಲೈಗಳ ವೋಲ್ಟೇಜ್ ಮಿತಿ ಮೀರುತ್ತದೆ. ಮೇನ್ಸ್ ಬದಿಯಲ್ಲಿ 100 ವ್ಯಾಟ್‌ನ ಇನ್ನೊಂದು ತಂತಿ ಬಲ್ಬನ್ನು ಸೀರೀಸ್ ಆಗಿ ಹಾಕಿ, ಡಿಗಾಸಿಂಗ್ ಕಾಯಿಲ್‌ನ (ಟ್ಯೂಬಿನ ಸುತ್ತ ಇರುವ, ಅದರ ಕಾಂತತೆ ತೆಗೆಯುವ ಸುರುಳಿ) ಕನೆಕ್ಟರ್ ಕಿತ್ತಿಟ್ಟು, ಆಮೇಲೆ ಸ್ವಿಚ್ ಹಾಕಿ. ಎಲ್‌ಇಡಿ ಬಲ್ಬು ಈ ಕೆಲಸಕ್ಕೆ ಬಾರದು. ಸೀರೀಸ್ ಬಲ್ಬು ಒಮ್ಮೆ ಹೊಳೆದು ಮಂಕಾಗಿ, ಭಾರದ ಬಲ್ಬು ಒಂದೇ ಸಮನೆ ಉರಿದು, ಮೀಟರ್‌ನಲ್ಲಿ 110-115 ವೋಲ್ಟ್ ಅಲುಗದೆ ನಿಂತರೆ ಸಪ್ಲೈ ಆರೋಗ್ಯವಾಗಿದೆ, ದೋಷ ಲೈನ್ ಭಾಗದ್ದು. ಸೀರೀಸ್ ಬಲ್ಬು ಪೂರ್ತಿ ಪ್ರಕಾಶದಲ್ಲಿ ಉರಿಯುತ್ತಲೇ ಇದ್ದರೆ ಮೇನ್ಸ್ ಬದಿಯಲ್ಲೇ ಶಾರ್ಟ್ ಇದೆ ಎಂದರ್ಥ. ಅಳೆಯುವಾಗ ಗ್ರೌಂಡ್ ಆಯ್ಕೆಯಲ್ಲಿ ಎಚ್ಚರವಿರಲಿ: ದೊಡ್ಡ ಕೆಪಾಸಿಟರ್‌ನ ನೆಗೆಟಿವ್ ಕಾಲು ಬ್ರಿಜ್‌ನ ಮೂಲಕ ನೇರವಾಗಿ ಮೇನ್ಸ್‌ಗೆ ಸೇರಿರುತ್ತದೆ. ಅದಕ್ಕೂ ಸೆಕೆಂಡರಿ ಗ್ರೌಂಡಿಗೆ ಸೇರಿದ ಟ್ಯೂನರ್‌ನ ತಗಡಿಗೂ ಯಾವ ಕಾರಣಕ್ಕೂ ತಂತಿ ಜೋಡಿಸಬಾರದು.

ಟ್ರಾನ್ಸಿಸ್ಟರ್ ಸರಿಯಿದ್ದು, ಬಲ್ಬಿನ ಭಾರದಲ್ಲೂ ಟಿಕ್ ಟಿಕ್ ಮುಂದುವರಿದರೆ, ಸೆಕೆಂಡರಿ ಡಯೋಡುಗಳನ್ನು ಒಂದೊಂದಾಗಿ ಅಳೆಯಿರಿ. ಬಳಿಕ ಸ್ವಿಚಿಂಗ್ ಐ.ಸಿ.ಯ ಬಳಿ ಇರುವ, ಹಲವು ಸೆಟ್ಟುಗಳಲ್ಲಿ 47 ಮೈಕ್ರೋಫ್ಯಾರಡ್, 50 ವೋಲ್ಟಿನದಾಗಿರುವ ಪುಟ್ಟ ಎಲೆಕ್ಟ್ರೊಲಿಟಿಕ್ ಕೆಪಾಸಿಟರನ್ನು ಗಮನವಿಟ್ಟು ನೋಡಿ. ಹೀಟ್‌ಸಿಂಕ್‌ನ ಕಾವಿಗೆ ಅದರ ಪ್ಲಾಸ್ಟಿಕ್ ಹೊದಿಕೆ ಸುರುಟಿ, ಮೇಲಿನ ಅಂಚಿನಲ್ಲಿ ಅಲ್ಯೂಮಿನಿಯಂ ಇಣುಕುತ್ತಿರುತ್ತದೆ. ಒಳಗಿನ ದ್ರಾವಣ ಒಣಗಿದರೆ ಐ.ಸಿ.ಗೆ ಓಡುತ್ತಿರಲು ಬೇಕಾದ ವೋಲ್ಟೇಜ್ ನಿಲ್ಲುವುದಿಲ್ಲ, ಆಗಲೂ ಸಪ್ಲೈ ಹೊರಟು ಹೊರಟು ನಿಲ್ಲುತ್ತದೆ. 105 ಡಿಗ್ರಿ ಎಂದು ಮುದ್ರಿತವಾಗಿರುವ ಹೊಸದನ್ನೇ ತನ್ನಿ, ಪಟ್ಟಿ ಇರುವ ಕಾಲು ನೆಗೆಟಿವ್ ಎಂಬುದನ್ನು ನೋಡಿ ಹಾಕಿ. ಬೋರ್ಡನ್ನು ತಿರುಗಿಸಿದಾಗ ಟ್ರಾನ್ಸ್‌ಫಾರ್ಮರ್ ಕಾಲುಗಳ ಬೆಸುಗೆಯನ್ನೂ ಭೂತಗನ್ನಡಿಯಲ್ಲಿ ಪರೀಕ್ಷಿಸಿ. ಕಾಲಿನ ಸುತ್ತ ಕೂದಲೆಳೆಯಷ್ಟು ಕಪ್ಪು ಉಂಗುರ ಕಂಡರೆ ಹಳೆಯ ಸೀಸವನ್ನು ತೆಗೆದು ಹೊಸದಾಗಿ ಬೆಸುಗೆ ಹಾಕಿ.

ಟ್ಯೂಬಿನ ಬಣ್ಣ ಇನ್ನೂ ಚೆನ್ನಾಗಿದ್ದಲ್ಲಿ ಇಷ್ಟು ಶ್ರಮ ಪಡುವುದು ಸರಿಯೆಂದೇ ನನ್ನ ಅಭಿಪ್ರಾಯ. ಇಎಚ್‌ಟಿ ಟ್ರಾನ್ಸ್‌ಫಾರ್ಮರ್ ಸುಟ್ಟಿದ್ದು ಅದೇ ನಂಬರಿನದು ಸಿಗದಿದ್ದರೆ ಮಾತ್ರ ಅಲ್ಲಿಗೆ ಬಿಡಬಹುದು. ಆಗಲೂ ಸೆಟ್ಟನ್ನು ಇ-ತ್ಯಾಜ್ಯ ಸಂಗ್ರಹಿಸುವವರಿಗೇ ಕೊಡಿ, ಏಕೆಂದರೆ ಪಿಕ್ಚರ್ ಟ್ಯೂಬಿನ ಗಾಜಿನಲ್ಲಿ ಸೀಸವಿದೆ. ಸರಿಹೋದ ಮೇಲೆ, ಗುಡುಗಿನ ಸೂಚನೆ ಕಂಡಾಗ ಪ್ಲಗ್ಗಿನ ಜೊತೆಗೆ ಕೇಬಲ್ ಅಥವಾ ಡಿಶ್‌ನ ತಂತಿಯನ್ನೂ ಕಿತ್ತಿಡಲು ತಾಯಿಯವರಿಗೆ ಹೇಳಿ. ಸಿಡಿಲಿನ ಏಟು ಆ ದಾರಿಯಿಂದಲೂ ಬರುತ್ತದೆ.

ಪ್ರಶ್ನೆ: ಧನುರ್ಮಾಸದ ಚಳಿಯಲ್ಲಿ ಬೆಳಿಗ್ಗೆ ಸ್ವಿಚ್ ಹಾಕಿದರೆ ನಮ್ಮ ಹಳೆಯ ಟಿ.ವಿ. ಹತ್ತು ನಿಮಿಷ ಸುಮ್ಮನಿದ್ದು ಆಮೇಲೆ ತಾನೇ ಹೊರಡುತ್ತದೆ. ಮಧ್ಯಾಹ್ನ ಈ ತೊಂದರೆ ಇಲ್ಲ. ಹೀಗೇಕೆ?
ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಮೇಲೆ ಹೇಳಿದ ಪುಟ್ಟ ಕೆಪಾಸಿಟರ್ ಒಣಗುತ್ತಾ ಬಂದಿರುವುದರ ಲಕ್ಷಣವಿದು. ತಣ್ಣಗಿರುವಾಗ ಅದರ ಒಳಗಿನ ರೋಧ ಹೆಚ್ಚು, ಬೆಚ್ಚಗಾದಂತೆ ಕಡಿಮೆಯಾಗುತ್ತದೆ. ಹೇಗೂ ಹೊರಡುತ್ತದಲ್ಲ ಎಂದು ಬಿಡಬೇಡಿ. ಹೊರಡಲಾಗದೆ ಎಡವುವ ಸಪ್ಲೈ ಒಂದು ದಿನ ಸ್ವಿಚಿಂಗ್ ಟ್ರಾನ್ಸಿಸ್ಟರನ್ನೇ ಸುಡಬಹುದು. ಹಾಗಾದಾಗ ಫ್ಯೂಸಿನ ಗಾಜು ಒಳಗೆಲ್ಲ ಕಪ್ಪಾಗಿರುತ್ತದೆ. ಅಂಥ ಫ್ಯೂಸಿಗೆ ತಂತಿ ಸುತ್ತಿ ಓಡಿಸಲು ಹೋದರೆ ಬ್ರಿಜ್ ಡಯೋಡುಗಳ ಜೊತೆಗೆ ಬೋರ್ಡಿನ ತಾಮ್ರದ ಗೆರೆಗಳೂ ಸುಡುತ್ತವೆ.

ಪ್ರಶ್ನೆ: ಸಂಜೆ ಪಂಪ್‌ಸೆಟ್ಟುಗಳು ಓಡತೊಡಗಿದರೆ ವೋಲ್ಟೇಜ್ ಇಳಿದು, ನಮ್ಮ ಟಿ.ವಿ.ಯ ಚಿತ್ರ ಅಂಕುಡೊಂಕಾಗುತ್ತದೆ, ಎರಡು ಮಂಕು ಪಟ್ಟಿಗಳು ನಿಧಾನವಾಗಿ ಸರಿಯುತ್ತವೆ. ಸ್ಟೆಬಿಲೈಸರ್ ಕೊಳ್ಳಬೇಕೇ?
ಓದುಗರು, ಮದ್ದೂರು ತಾಲ್ಲೂಕು

ಉತ್ತರ: ಮೊದಲು ಮೇನ್ಸ್ ಬದಿಯ ದೊಡ್ಡ ಫಿಲ್ಟರ್ ಕೆಪಾಸಿಟರನ್ನು ಬದಲಿಸಿ ನೋಡಿ. ಬ್ರಿಜ್‌ನಿಂದ ಬರುವ ಡಿ.ಸಿ.ಯಲ್ಲಿ ಸೆಕೆಂಡಿಗೆ 100 ಸಲ ಏರಿಳಿತವಿರುತ್ತದೆ. ಚಿತ್ರ ಸೆಕೆಂಡಿಗೆ 50 ಸಲ ಮೇಲಿನಿಂದ ಕೆಳಗೆ ಬರೆಯಲ್ಪಡುವುದರಿಂದ ಆ ಏರಿಳಿತ ಎರಡು ಪಟ್ಟಿಗಳಾಗಿ ಕಾಣುತ್ತದೆ. ಕೆಪಾಸಿಟರ್ ಸರಿಯಿದ್ದಾಗ ಅದು ಈ ತಗ್ಗುಗಳನ್ನು ತುಂಬುತ್ತದೆ. ಶಕ್ತಿ ಕುಂದಿದ ಕೆಪಾಸಿಟರ್ ಹಗಲಿನಲ್ಲಿ ಹೇಗೋ ನಿಭಾಯಿಸಿ, ವೋಲ್ಟೇಜ್ ಇಳಿದ ಹೊತ್ತಿನಲ್ಲಿ ಸೋಲುತ್ತದೆ. ಹೊಸದರ ಮೈಕ್ರೋಫ್ಯಾರಡ್ ಹಳೆಯದರಷ್ಟೇ ಇರಲಿ, ವೋಲ್ಟೇಜ್ 400ಕ್ಕೆ ಕಡಿಮೆಯಾಗದಿರಲಿ. ಬದಲಿಸಿದ ಮೇಲೂ ಸಂಜೆಯ ಹೊತ್ತು ಚಿತ್ರ ಕುಗ್ಗುತ್ತಿದ್ದರೆ ಆಗ ಸ್ಟೆಬಿಲೈಸರ್ ಕೊಳ್ಳಿ. ಪಂಪ್‌ಸೆಟ್ಟುಗಳು ಒಟ್ಟಿಗೆ ನಿಂತಾಗ ವೋಲ್ಟೇಜ್ ತಟ್ಟನೆ ಏರುವುದೂ ಉಂಟಾದ್ದರಿಂದ, ಮಿತಿ ಮೀರಿದರೆ ಸಂಪರ್ಕ ಕಡಿಯುವ ವ್ಯವಸ್ಥೆ ಅದರಲ್ಲಿದೆಯೇ ಎಂದು ಅಂಗಡಿಯಲ್ಲೇ ಕೇಳಿ ನೋಡಿ.